ಓಡದ ಟ್ರಕ್ಕಿನಿಂದ ಯಾರಿಗೇನು ತೊಂದರೆ

ಹಿಮ ಕರಗಿ ಅಂಗಳವೆಲ್ಲ ಕೆಸರಾಗಿದ್ದ ಒಂದು ಶನಿವಾರ ಒನೋಫ್ರೆ ವಿಹಿಲ್‌ನ ಮನೆ ಮುಂದೆ ಪಕ್ಕದ ತೋಟದ ಫಾಕುಂದೊನ ಟ್ರಾಕ್ಟರು ಬಂದು ನಿಂತಿತು. ಟ್ರಾಕ್ಟರಿನ ಹಿಂದೆ ಒಂದು ಸರಪಳಿ, ಸರಪಳಿಯ ಕೊನೆಗೆ ಒಂದು ಹಳೇ ಪಿಕಪ್ ಟ್ರಕ್ಕು. ಹಸಿರು ಬಣ್ಣವಿದ್ದ ಕಡೆ ಹಸಿರು, ಉಳಿದ ಕಡೆಯೆಲ್ಲ ತುಕ್ಕು. ಮುಂದಿನ ಗಾಜು ಸೀಳಿತ್ತು, ಹಿಂದಿನ ತೊಟ್ಟಿಯಲ್ಲಿ ಏಪ್ರಿಕಾಟ್ ಗಿಡವೊಂದು ಮೊಣಕಾಲೆತ್ತರ ಬೆಳೆದಿತ್ತು. ಸ್ಟೀರಿಂಗ್ ಹಿಡಿದು ಒಳಗೆ ಠೀವಿಯಿಂದ ಕೂತವನು ಒನೋಫ್ರೆಯೇ.

ಮಗಳು ಬೆರ್ನಾ ಒದ್ದೆ ಕೈಯಲ್ಲೇ ಅಡಿಗೆಮನೆಯಿಂದ ಓಡಿ ಬಂದಳು.

"ಅಪ್ಪಾ! ಇಳಿ ಕೆಳಗೆ! ಕಣ್ಣು ಕಾಣಲ್ಲ, ಸ್ಟೀರಿಂಗ್ ಬೇರೆ ಹಿಡ್ಕೊಂಡಿದೀಯ!"

"ಸರಪಳಿ ಎಳೀತಿತ್ತು ಕಣೇ, ನಾನೇನು ಓಡಿಸ್ತಿರಲಿಲ್ಲ."

"ಏನಿದು?"

"ಐವತ್ತೊಂದನೇ ಇಸವಿ ಶೆವರ್ಲೆ. ಫಾಕುಂದೊಗೆ ನನ್ನ ಜೀನು ಕೊಟ್ಟೆ, ಅವನು ಇದನ್ನ ಕೊಟ್ಟ. ಕುದುರೆ ಇಲ್ಲದ ಮನೇಲಿ ಜೀನು ಇಟ್ಕೊಂಡು ಏನ್ ಮಾಡೋದು?"

"ಕಣ್ಣಿಲ್ಲದೋನು ಟ್ರಕ್ಕು ಇಟ್ಕೊಂಡು ಏನ್ ಮಾಡ್ತೀಯ?"

ಒನೋಫ್ರೆ ಬಾಗಿಲು ತಳ್ಳಿ ಇಳಿದ. ಬಾಗಿಲು ಅರ್ಧ ಕಳಚಿ ಅವನ ಕೈಗೇ ಬಂತು. ಅದನ್ನು ಮೆಲ್ಲಗೆ ಒರಗಿಸಿಟ್ಟು ಹೇಳಿದ: "ಇದು ಓಡಲ್ವಲ್ಲ. ಓಡದ ಟ್ರಕ್ಕಿನಿಂದ ಯಾರಿಗೇನು ತೊಂದರೆ?"

ಫಾಕುಂದೊ ಸರಪಳಿ ಬಿಚ್ಚಿಕೊಂಡು, ಯಾರ ಮುಖವನ್ನೂ ನೋಡದೆ ಹೊರಟುಹೋದ.

ಒನೋಫ್ರೆಯ ಕಣ್ಣಿಗೆ ಬಂದದ್ದು ವಿಚಿತ್ರವಾದ ರೋಗ. ಅಂಚಿನಲ್ಲಿರುವುದೆಲ್ಲ ಕಾಣುತ್ತಿತ್ತು, ನೇರ ನೋಡಿದ್ದು ಮಾತ್ರ ಕಾಣುತ್ತಿರಲಿಲ್ಲ. ಹೆಂಡತಿಯ ಮುಖ ನೋಡಬೇಕೆಂದರೆ ಅವಳ ಕಿವಿಯ ಕಡೆ ನೋಡಬೇಕಿತ್ತು. ಹೋದ ಸುಗ್ಗಿಯಲ್ಲಿ ಅವನು ತನ್ನ ಟ್ರಕ್ಕನ್ನು ಇಗರ್ಜಿಯ ಗೇಟಿಗೆ ನುಗ್ಗಿಸಿದ್ದ. ಅವನು ಪೇಟೆಯಲ್ಲಿ ಕಣ್ಣಿನ ಡಾಕ್ಟರ ಎದುರು ಕೂತಿದ್ದ ದಿನವೇ ಬೆರ್ನಾ ಆ ಟ್ರಕ್ಕನ್ನು ಮಾರಿದಳು. ಲೈಸೆನ್ಸೂ ಹೋಯಿತು. ಅಂದಿನಿಂದ ಮನೆಯಲ್ಲಿ ಗಾಡಿ ಓಡಿಸುವವಳು ಬೆರ್ನಾ ಒಬ್ಬಳೇ. ಗಂಡನನ್ನು ಬಿಟ್ಟು ತನ್ನ ಕಾರಿನೊಂದಿಗೆ ತವರಿಗೆ ಬಂದವಳು. ಬೆಳಗ್ಗೆ ಶಾಲೆಯ ಅಡಿಗೆ ಕೆಲಸ, ಮಧ್ಯಾಹ್ನದ ಮೇಲೆ ಅಪ್ಪನ ಡಾಕ್ಟರು, ಅಮ್ಮನ ಅಂಗಡಿ, ಭಾನುವಾರ ಇಬ್ಬರಿಗೂ ಇಗರ್ಜಿಯ ಪೂಜೆ. ನಮ್ಮ ಕಣಿವೆಯಲ್ಲಿ ಗಾಡಿಯಿಲ್ಲದೆ ಹಾಲೂ ಸಿಗುವುದಿಲ್ಲ.

ಅಮ್ಮ ಎಲೋಯ್ಸಾ ಗಾಡಿ ಕಲಿತವಳಲ್ಲ. ಮದುವೆಯಾದ ಹೊಸದರಲ್ಲಿ ಒನೋಫ್ರೆ ಒಂದು ಸಲ ಕಲಿಸಲು ಹೋಗಿದ್ದ. ಅವನು ಕೂಗಿದ ಕೂಗಿಗೆ ಅವಳು ನಡುದಾರಿಯಲ್ಲೇ ಇಳಿದು ಮನೆಗೆ ನಡೆದು ಬಂದಳು. ಆಮೇಲೆ ಅವನು ಕಲಿಸುತ್ತೇನೆಂದು ಹೇಳಲಿಲ್ಲ, ಅವಳು ಕೇಳಲಿಲ್ಲ.

ಟ್ರಕ್ಕು ಕೊಟ್ಟಿಗೆ ಸೇರಿತು. ಮಾರನೆಯ ದಿನ ಒನೋಫ್ರೆ ಅದರ ಮೂತಿಯ ಮೇಲೆ ಕೈಯಾಡಿಸುತ್ತ ನಿಂತಿದ್ದಾಗ ಎಲೋಯ್ಸಾ ಕಾಫಿ ತಂದಳು. ತಂದವಳು ಒಳಗೆ ಹೋಗಲಿಲ್ಲ.

"ಇಷ್ಟು ವರ್ಷ ಟ್ರಕ್ಕಲ್ಲಿ ನಿನ್ನ ಪಕ್ಕ ಕೂತು ಓಡಾಡಿದೀನಿ. ಈ ಮುಚ್ಚಳದ ಕೆಳಗೆ ಏನಿದೆ ಅಂತ ಒಂದಿನಾನೂ ನೋಡಿಲ್ಲ. ತೆಗಿ."

"ನೋಡಿ ಏನ್ ಮಾಡ್ತೀಯ?"

"ನೋಡ್ತೀನಿ, ಅಷ್ಟೇ."

ಮುಚ್ಚಳ ಕಿರ್ರೆಂದು ಎದ್ದಿತು. ಒಳಗೆ ಇಲಿ ಗೂಡು ಕಟ್ಟಿತ್ತು: ಉಣ್ಣೆ, ಬೀಜದ ಸಿಪ್ಪೆ, ಯಾರದೋ ಕೈವಸ್ತ್ರದ ಚೂರು. ಎಲೋಯ್ಸಾ ಗೂಡನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟಳು. ಆಮೇಲೆ ಶುರುವಾಯಿತು ಅವಳ ಪ್ರಶ್ನೆ. ಇದೇನು? ಇದ್ಯಾಕೆ ಹೀಗೆ ಡೊಂಕಾಗಿದೆ? ಈ ಕೊಳವೆ ಎಲ್ಲಿಗೆ ಹೋಗುತ್ತೆ? ಒನೋಫ್ರೆ ಮುಟ್ಟಿ ಮುಟ್ಟಿ ಹೇಳಿದ. ಕಣ್ಣಿಗಿಂತ ಬೆರಳಿಗೇ ಅದೆಲ್ಲ ಚೆನ್ನಾಗಿ ಗೊತ್ತಿತ್ತು. ಕಾಫಿ ತಣ್ಣಗಾಯಿತು.

ಎಂಜಿನ್ನು ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಇಬ್ಬರೂ ಸೇರಿ ಮೇಲಿನ ತೂತುಗಳಲ್ಲಿ ಎಣ್ಣೆ ಹುಯ್ದು ಕಾದರು. ದಿನಾ ಬೆಳಗ್ಗೆ ಎಲೋಯ್ಸಾ ಕೋಳಿಗೆ ಕಾಳು ಹಾಕಿ, ತೊರ್ತಿಯಾ ರೊಟ್ಟಿಗೆ ಹಿಟ್ಟು ನಾದಿಟ್ಟು, ಕೊಟ್ಟಿಗೆಗೆ ಹೋಗಿ ಎಂಜಿನ್ನಿನ ಹಲ್ಲುಚಕ್ರಕ್ಕೆ ಹಾರೆ ಕೊಟ್ಟು ಒಂದು ಸಲ ಮೀಟುತ್ತಿದ್ದಳು.

"ಅಲುಗ್ತಾ?"

"ಇಲ್ಲ."

"ಇನ್ನಷ್ಟು ಹುಯ್ಯಿ."

ರಾತ್ರಿ ಊಟಕ್ಕೆ ಕೂತರೆ ಅದೇ ಮಾತು. ಬೆರ್ನಾ ಬೇಯಿಸಿದ ಬೀನ್ಸು ಬಡಿಸುತ್ತ ಗೊಣಗುತ್ತಿದ್ದಳು: "ಸೀಮೆಎಣ್ಣೆ ವಾಸನೆ ಬರ್ತಿದೆ ಅಮ್ಮನ ಕೈಯಿಂದ. ತೊರ್ತಿಯಾನೂ ಅದೇ ವಾಸನೆ."

"ಹಂಗಾದ್ರೆ ನೀನು ತಟ್ಟು," ಎಂದಳು ಎಲೋಯ್ಸಾ.

"ದಿನವೆಲ್ಲ ಮುನ್ನೂರು ಮಕ್ಕಳಿಗೆ ತಟ್ಟಿ ಬಂದಿದೀನಿ."

"ಹಂಗಾದ್ರೆ ಸುಮ್ನೆ ತಿನ್ನು."

ಒಂದು ಬೆಳಗ್ಗೆ ಹಾರೆ ಮೀಟಿದಾಗ ಒಳಗೆಲ್ಲೋ ಟಕ್ಕೆಂದಿತು, ಚಕ್ರ ಒಂದು ಹಲ್ಲು ಜರುಗಿತು. ಎಲೋಯ್ಸಾ ಹಾರೆ ಬಿಟ್ಟು ಕೂಗಿದ ಕೂಗಿಗೆ ಕೋಳಿಗಳೆಲ್ಲ ಬೇಲಿಗೆ ಹಾರಿದವು. ಒನೋಫ್ರೆ ಚಪ್ಪಲಿಯಿಲ್ಲದ ಕಾಲಲ್ಲೇ ಕೆಸರು ತುಳಿದು ಬಂದ. ಇಬ್ಬರೂ ಹಾರೆಗೆ ಜೋತುಬಿದ್ದು ಮತ್ತೆ ಮೀಟಿದರು, ಮತ್ತೆ ಜರುಗಿತು. ಅಂದು ಮಧ್ಯಾಹ್ನದ ಅಡಿಗೆ ಆಗಲೇ ಇಲ್ಲ. ಬೆರ್ನಾ ಮನೆಗೆ ಬಂದಾಗ ಅಪ್ಪ ಅಮ್ಮ ಟ್ರಕ್ಕಿನ ಸೀಟಿನ ಮೇಲೆ ಕೂತು ತಣ್ಣನೆ ರೊಟ್ಟಿಗೆ ಮೆಣಸಿನಕಾಯಿ ನಂಜಿಕೊಳ್ಳುತ್ತಿದ್ದರು. ಅಮ್ಮನ ಮೂಗಿನ ಮೇಲೆ ಕಪ್ಪು ಮಸಿ.

ಆಮೇಲೆ ಕೆಲಸ ಬೇಗ ಬೇಗ ಸಾಗಿತು. ಏಪ್ರಿಕಾಟ್ ಗಿಡ ಬೇರುಸಮೇತ ಹಿತ್ತಿಲಿಗೆ ಹೋಯಿತು. ಬಾಗಿಲು ತನ್ನ ಜಾಗಕ್ಕೆ ಬಂತು. ಕಾರ್ಬ್ಯುರೇಟರು ಬಿಚ್ಚಿ ಊಟದ ಮೇಜಿನ ಮೇಲೆ ಹರಡಿದಾಗ ಬೆರ್ನಾ ಗಲಾಟೆ ಮಾಡಿದಳು, ಗಲಾಟೆ ಮಾಡುತ್ತಲೇ ಒಂದು ಪುಟ್ಟ ಹಿತ್ತಾಳೆ ತುಂಡನ್ನು ಎತ್ತಿ ಬೆಳಕಿಗೆ ಹಿಡಿದು, "ಇದರಲ್ಲಿ ಕೂದಲೆಳೆಯಷ್ಟು ತೂತಿದೆಯಲ್ಲ, ಇದ್ಯಾಕೆ?" ಎಂದು ಕೇಳಿಬಿಟ್ಟಳು. ಕೇಳಿದ ಮೇಲೆ ತನ್ನ ಮೇಲೇ ಸಿಟ್ಟು ಬಂತು.

"ಪೆಟ್ರೋಲು ಅದರಲ್ಲಿ ಹಾದು ಹೋಗಬೇಕು. ಅಷ್ಟೇ ಬೇಕು, ಹೆಚ್ಚಾಗಬಾರದು," ಎಂದ ಒನೋಫ್ರೆ. ಎಲೋಯ್ಸಾ ಕೈಯಲ್ಲಿದ್ದ ಇನ್ನೊಂದು ತುಂಡನ್ನು ತೋರಿಸಿದಳು. "ಇದ್ಯಾವುದು?"

"ಇದು ಕಿಡಿಯ ಕಡೇದು. ರೋಟರು. ಕಾರ್ಬ್ಯುರೇಟರಿನದಲ್ಲ, ಯಾಕೆ ಇಲ್ಲಿ ತಂದೆ? ನೋಡು, ಆರು ಸಿಲಿಂಡರು ಇದಾವಲ್ಲ, ಅವಕ್ಕೆ ಕಿಡಿ ಹಂಚೋದು ಇದು. ಗಿರಗಿರ ಸುತ್ತುತ್ತೆ, ಒಂದೊಂದಕ್ಕೂ ಸರದಿ ಪ್ರಕಾರ ಕೊಡುತ್ತೆ. ನಮ್ಮ ಬೆರ್ನಾ ಶಾಲೇಲಿ ಬಡಿಸ್ತಾಳಲ್ಲ, ಹಂಗೆ. ಅಡಿಗೆ ಎಷ್ಟೇ ಇರಲಿ, ಬಡಿಸೋಳು ಇಲ್ಲ ಅಂದ್ರೆ ಎಲ್ಲ ಉಪವಾಸ."

ಬೆರ್ನಾ ತಟ್ಟೆ ತೊಳೆಯಲು ಎದ್ದಳು.

ನಾಲೆಯ ಹೂಳೆತ್ತಿ ಮೊದಲ ನೀರು ಬಿಟ್ಟ ವಾರ ಟ್ರಕ್ಕು ಸ್ಟಾರ್ಟ್ ಆಯಿತು. ಒನೋಫ್ರೆ ಎಂಜಿನ್ನಿನ ಮೇಲೆ ಬಾಗಿದ್ದ, ಒಳಗೆ ಎಲೋಯ್ಸಾ ಕೂತು ನೆಲದ ಮೇಲಿನ ಸ್ಟಾರ್ಟರಿನ ಗುಂಡಿಯನ್ನು ಕಾಲಲ್ಲಿ ಒತ್ತಿದಳು. ಟ್ರಕ್ಕು ಕೆಮ್ಮಿತು, ನಡುಗಿತು, ನೀಲಿ ಹೊಗೆ ಉಗುಳಿತು, ಆಮೇಲೆ ಒಂದೇ ಸಮನೆ ಗುರುಗುಟ್ಟತೊಡಗಿತು. ಬೀದಿಯವರು ಬೇಲಿಯ ಮೇಲೆ ಬಾಗಿ ನೋಡಿದರು. ಫಾಕುಂದೊ ಹ್ಯಾಟು ತೆಗೆದು, "ಅಯ್ಯೋ, ಜೀನು ವಾಪಸ್ ಕೊಡ್ತೀನಿ ಕಣೋ, ಟ್ರಕ್ಕು ಕೊಡು," ಎಂದು ನಗೆಯಾಡಿದ. ಒನೋಫ್ರೆ ಕಣ್ಣು ಮುಚ್ಚಿ ಆ ಸದ್ದನ್ನೇ ಕೇಳುತ್ತ ನಿಂತಿದ್ದ. ಅಡಿಗೆಮನೆಯ ಕಿಟಕಿಯಲ್ಲಿ ಬೆರ್ನಾ ನಿಂತಿದ್ದಳು. ಅವಳ ಮುಖದಲ್ಲಿ ನಗುವಿರಲಿಲ್ಲ. ಈಗ ಇದು ಓಡುವ ಟ್ರಕ್ಕು.

ಮಾರನೆಯ ದಿನ ಟ್ರಕ್ಕು ಸ್ಟಾರ್ಟ್ ಆಗಲಿಲ್ಲ.

ಒನೋಫ್ರೆ ಪೆಟ್ರೋಲು ಸಾಲದು ಎಂದ, ಬ್ಯಾಟರಿ ಇಳಿದಿದೆ ಎಂದ. ಅದನ್ನೆಲ್ಲ ಎಲೋಯ್ಸಾ ನೋಡಿದ್ದಾಯಿತು. ಮಧ್ಯಾಹ್ನ ಅವನು ನಿದ್ದೆ ಹೋದಾಗ ಅವಳೊಬ್ಬಳೇ ಕೊಟ್ಟಿಗೆಗೆ ಹೋದಳು. ಕಲಿತದ್ದನ್ನೆಲ್ಲ ನೆನಪು ಮಾಡಿಕೊಂಡು ಕಿಡಿ ಎಲ್ಲಿಯವರೆಗೆ ಬರುತ್ತದೆ ಎಂದು ಒಂದೊಂದೇ ತಂತಿ ಹಿಡಿದು ನೋಡಿದಳು. ಕಿಡಿ ಹುಟ್ಟಿಸುವ ಕಾಯಿಲ್ಲಿನ ತನಕ ಬರುತ್ತಿತ್ತು, ಮುಂದೆ ಇಲ್ಲ. ಕಿಡಿ ಹಂಚುವ ಡಬ್ಬಿಯ ಮುಚ್ಚಳದ ಎರಡು ಕೊಂಡಿ ಬಿಚ್ಚಿ ಒಳಗೆ ನೋಡಿದಳು. ನೋಡಿ, ಮುಚ್ಚಳ ಹಾಗೇ ಮುಚ್ಚಿ, ಕೈ ತೊಳೆದುಕೊಂಡು ಸಂಜೆಯ ಅಡಿಗೆಗೆ ಇಟ್ಟಳು.

ಊಟಕ್ಕೆ ಕೂತಾಗ ಎಲೋಯ್ಸಾ ಬೀನ್ಸಿನ ಪಾತ್ರೆಯನ್ನು ಮೇಜಿನ ನಡುವೆ ಇಟ್ಟಳು, ಯಾರಿಗೂ ಬಡಿಸಲಿಲ್ಲ.

"ಬಡಿಸೋಳು ಕಾಣೆಯಾಗಿದಾಳೆ," ಎಂದಳು.

ಒನೋಫ್ರೆ ತಲೆ ಎತ್ತಿದ. "ಏನು?"

"ರೋಟರು ಇಲ್ಲ. ಇಲಿ ತಿಂದಿಲ್ಲ, ತಾನಾಗಿ ಬಿದ್ದೂ ಹೋಗಿಲ್ಲ. ಬೆರ್ನಾ?"

ಬೆರ್ನಾ ಏಪ್ರನ್ನಿನ ಕಿಸೆಗೆ ಕೈ ಹಾಕಿ ಆ ಕಂದು ತುಂಡನ್ನು ಮೇಜಿನ ಮೇಲೆ ಇಟ್ಟಳು.

"ಹೌದು, ನಾನೇ ತೆಗೆದೆ. ಏನೀಗ? ಇದು ಓಡಿದ್ರೆ ಅಪ್ಪ ಹತ್ತಿ ಹೋಗ್ತಾನೆ. ಹೋದ ಸಲ ಗೇಟು, ಈ ಸಲ ಯಾರದೋ ಮಗು. ಆಮೇಲೆ ನೀವು ಅಳ್ತೀರಿ, ನಾನು ಜೈಲಿಗೆ ಓಡಾಡ್ತೀನಿ. ನಾನೇ ಓಡಾಡಬೇಕಲ್ಲ, ಎಲ್ಲಾದಕ್ಕೂ ನಾನೇ!"

"ಕಳ್ಳತನ ಇದು, ಕಳ್ಳತನ!" ಒನೋಫ್ರೆ ಮೇಜು ಗುದ್ದಿದ. "ನನ್ನ ಟ್ರಕ್ಕು ಮಾರಿದೆ, ಸುಮ್ನಿದ್ದೆ. ಈಗ ಇದಕ್ಕೂ ಕೈ ಹಾಕ್ದೆಯಾ? ನನ್ನ ಹೊಲದಲ್ಲಿ ನಾನು ಓಡಿಸ್ಕೊಂಡ್ರೆ ನಿನಗೇನು?"

"ಓಡಿಸಲ್ಲ ನೀನು," ಎಂದಳು ಎಲೋಯ್ಸಾ. ದನಿ ಏರಿರಲಿಲ್ಲ. "ನಾನು ಓಡಿಸ್ತೀನಿ."

ಇಬ್ಬರೂ ಅವಳ ಕಡೆ ತಿರುಗಿದರು.

"ನೀನಾ?" ಎಂದ ಒನೋಫ್ರೆ. "ನಿನಗೆ ಕ್ಲಚ್ಚು ಅಂದ್ರೆ ಏನು ಗೊತ್ತು?"

"ಅದನ್ನ ಬಿಚ್ಚಿ ಒರೆಸಿ ಜೋಡಿಸಿದೋಳು ನಾನೇ ಅಲ್ವಾ?"

"ಬಿಚ್ಚೋದು ಬೇರೆ, ಓಡಿಸೋದು ಬೇರೆ. ನೀನು ಓಡಿಸಿದ್ರೆ ನಾನು ಅದರಲ್ಲಿ ಕೂರಲ್ಲ. ಊರೋರು ಏನಂತಾರೆ? ಒನೋಫ್ರೆನ ಹೆಂಡ್ತಿ ಹೊತ್ಕೊಂಡು ತಿರುಗ್ತಾಳೆ ಅಂತಾರೆ."

"ಬೆರ್ನಾ ದಿನಾ ಹೊತ್ಕೊಂಡು ತಿರುಗ್ತಾಳಲ್ಲ. ಅವಳು ಹೆಂಗಸಲ್ವಾ?"

"ಅವಳು ಮಗಳು!"

ಎಲೋಯ್ಸಾ ಪಾತ್ರೆ ಎಳೆದುಕೊಂಡು ತನಗೆ ಮಾತ್ರ ಬಡಿಸಿಕೊಂಡು ತಿಂದಳು. ರೋಟರು ಮೇಜಿನ ಮೇಲೇ ಉಳಿಯಿತು.

ಮರುದಿನ ಶನಿವಾರ. ಬಿಸಿಲು ಚೆನ್ನಾಗಿತ್ತು. ಬೆರ್ನಾ ಹಾಸಿಗೆಬಟ್ಟೆಗಳನ್ನೆಲ್ಲ ಒಗೆದು ಹಿತ್ತಿಲಿನ ತಂತಿಗೆ ಹರವುತ್ತಿದ್ದಳು. ಎಲೋಯ್ಸಾ ನಾಲೆಯ ಹತ್ತಿರ ಬೆಳ್ಳುಳ್ಳಿ ಪಾತಿಗೆ ನೀರು ತಿರುಗಿಸುತ್ತಿದ್ದಳು. ಅಷ್ಟರಲ್ಲಿ ಕೊಟ್ಟಿಗೆಯಲ್ಲಿ ಟ್ರಕ್ಕು ಗುರ್ರೆಂದಿತು.

ಎಲೋಯ್ಸಾ ತಲೆ ಎತ್ತುವಷ್ಟರಲ್ಲಿ ಟ್ರಕ್ಕು ಹೊರಗೆ ಬಂದಿತ್ತು. ಮೇಜಿನ ಮೇಲಿದ್ದ ರೋಟರನ್ನು ತಾನೇ ತಡವಿ ಕೂರಿಸಿ, ಒಳಗೆ ಒನೋಫ್ರೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಟ್ರಕ್ಕು ಕೋಳಿಗೂಡು ದಾಟಿತು, ಸೌದೆ ರಾಶಿ ದಾಟಿತು. ಎಲ್ಲವನ್ನೂ ಅಂಚುಗಣ್ಣಿನಲ್ಲಿ ನೋಡಿಕೊಂಡು ಸರಿಯಾಗಿಯೇ ತಿರುಗಿಸುತ್ತಿದ್ದ. ಆಮೇಲೆ ಹಿತ್ತಿಲ ಕಡೆಗೆ ನೇರ ಹೊರಟ. ನೇರದಲ್ಲಿ ಬೆರ್ನಾ ಇದ್ದಳು. ಒದ್ದೆ ಹಾಸಿಗೆಬಟ್ಟೆಯ ಹಿಂದೆ ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು, ಬುಟ್ಟಿಗೆ ಬಾಗಿದ್ದಳು.

"ಒನೋಫ್ರೆ! ನಿಲ್ಸು! ಮಗು! ಮಗು!"

ನಲವತ್ತು ದಾಟಿದ ಮಗಳನ್ನು ಎಲೋಯ್ಸಾ ಮಗು ಎಂದು ಕೂಗಿದಳು. ಒನೋಫ್ರೆ ಬ್ರೇಕು ತುಳಿದ. ಬ್ರೇಕಿನ ಕೆಲಸ ಇನ್ನೂ ಆಗಿರಲಿಲ್ಲ. ಪೆಡಲು ನೆಲ ಮುಟ್ಟಿತು. ಬೆರ್ನಾ ಪಕ್ಕಕ್ಕೆ ಹಾರಿದಳು. ಟ್ರಕ್ಕು ಬುಟ್ಟಿಯ ಮೇಲೆ ಹರಿದು, ತಂತಿಯ ಕಂಬಕ್ಕೆ ಗುದ್ದಿ, ಎಂಜಿನ್ನು ಸತ್ತು ನಿಂತಿತು. ಬಿಳಿ ಬಟ್ಟೆಯೊಂದು ಅದರ ಮೂತಿಯ ಮೇಲೆ ಮೆಲ್ಲಗೆ ಇಳಿಬಿತ್ತು.

ಒನೋಫ್ರೆ ಕೆಳಗಿಳಿದು ಬಾನೆಟ್ ಹಿಡಿದುಕೊಂಡು ಮುಂದೆ ಬಂದ. ತಲೆ ಓರೆ ಮಾಡಿ ಅತ್ತ ಇತ್ತ ನೋಡಿದ.

"ಯಾರಿದ್ರು ಅಲ್ಲಿ?" ಎಂದ.

"ನಾನು ಅಪ್ಪ," ಎಂದಳು ಬೆರ್ನಾ ಕೆಸರಿನಲ್ಲಿ ಕೂತಲ್ಲಿಂದ.

ಅವನು ಮಗಳ ಹತ್ತಿರ ಹೋಗಿ ಅವಳ ತಲೆ, ಭುಜ, ಕೈ ಎಲ್ಲ ಮುಟ್ಟಿ ನೋಡಿದ. "ಏನೂ ಆಗಿಲ್ಲ, ಬಿಡಪ್ಪ," ಎಂದು ಅವಳೇ ಅವನನ್ನು ಸಮಾಧಾನ ಮಾಡಬೇಕಾಯಿತು. ಎದ್ದವನು ಎಲೋಯ್ಸಾಳ ಅಂಗೈಯಲ್ಲಿ ಕೀಲಿ ಇಟ್ಟು ಒಳಗೆ ಹೋಗಿ ಮಲಗಿದ.

ಅಂದಿನಿಂದ ಒನೋಫ್ರೆ ಕೊಟ್ಟಿಗೆಯ ಕಡೆ ತಲೆ ಹಾಕಲಿಲ್ಲ. ರೇಡಿಯೊ ಹತ್ತಿರ ಕೂತಿರುತ್ತಿದ್ದ. ಬಡಿಸಿದ್ದು ತಿನ್ನುತ್ತಿದ್ದ, ಬಡಿಸದಿದ್ದರೆ ಕೇಳುತ್ತಿರಲಿಲ್ಲ. ಬೆರ್ನಾ ಅಮ್ಮನಿಗೆ ಪಿಸುಗುಟ್ಟಿದಳು: "ಬೈದ್ರೂ ಚೆನ್ನಾಗಿತ್ತು. ಹಿಂಗೆ ಕೂತ್ರೆ ನೋಡೋಕಾಗಲ್ಲ."

"ಬ್ರೇಕು ಮಾಡಬೇಕು," ಎಂದಳು ಎಲೋಯ್ಸಾ.

"ಇನ್ನೂ ಅದೇ ಧ್ಯಾನಾನಾ ನಿನಗೆ?"

"ಒಬ್ಬಳಿಂದ ಆಗಲ್ಲ. ಒಬ್ರು ಪೆಡಲು ತುಳೀಬೇಕು, ಒಬ್ರು ಕೆಳಗೆ ಮಲಗಿ ಕೊಳವೆಯಲ್ಲಿ ಸೇರಿದ ಗಾಳಿ ಹೊರಗೆ ಬಿಡಬೇಕು. ಬರ್ತೀಯಾ?"

ಬೆರ್ನಾ ಯೋಚಿಸಿದಳು. "ನಿಲ್ಲಿಸೋ ಕೆಲಸ ಆದ್ರೆ ಬರ್ತೀನಿ. ಓಡಿಸೋ ಕೆಲಸಕ್ಕಲ್ಲ."

ತಾಯಿ ಕೆಳಗೆ ಮಲಗಿದಳು, ಮಗಳು ಮೇಲೆ ಕೂತು ತುಳಿದಳು. ಎಣ್ಣೆ ಚಿಮ್ಮಿ ತಾಯಿಯ ಕೆನ್ನೆಗೆ ಬಿತ್ತು, ಪೆಡಲು ಮಾತ್ರ ಮೆತ್ತಗೇ ಇತ್ತು. ಮತ್ತೆ ತುಳಿದರು, ಮತ್ತೆ ಮೆತ್ತಗೆ. ಇಬ್ಬರೂ ಒಬ್ಬರನ್ನೊಬ್ಬರು ಬೈಯುವ ಹಂತಕ್ಕೆ ಬಂದಾಗ ಮನೆಯ ಕಿಟಕಿಯಿಂದ ದನಿ ಬಂತು.

"ದೂರದ ಚಕ್ರದಿಂದ ಶುರು ಮಾಡ್ರೇ! ಹತ್ತಿರದ್ದು ಕೊನೇಗೆ! ಗಾಳಿ ಒಳಗೇ ಸುತ್ತುತ್ತಾ ಇದೆ, ಇಲ್ಲಿಗೆ ಕೇಳ್ತಿದೆ!"

ತಾಯಿ ಮಗಳು ದೂರದ ಚಕ್ರದಿಂದ ಶುರು ಮಾಡಿದರು. ಪೆಡಲು ಕಲ್ಲಿನ ಹಾಗೆ ಗಟ್ಟಿಯಾಯಿತು. ಬೆರ್ನಾ ಅದನ್ನು ಸುಮ್ಮನೆ ಇನ್ನೂ ನಾಲ್ಕು ಸಲ ತುಳಿದಳು.

ಮೇವಿನ ಕುದುರೆಮೆಂತ್ಯದ ಹೊಲದಲ್ಲಿ ಎಲೋಯ್ಸಾಳ ಕಲಿಕೆ ಶುರುವಾಯಿತು. ಪಕ್ಕದಲ್ಲಿ ಬೆರ್ನಾ, ಬಾಗಿಲಿನ ಹಿಡಿಕೆ ಬಿಗಿಯಾಗಿ ಹಿಡಿದುಕೊಂಡು. ಟ್ರಕ್ಕು ಕಪ್ಪೆಯ ಹಾಗೆ ಕುಪ್ಪಳಿಸಿತು. ಗೇರು ಹಾಕಿದಾಗೆಲ್ಲ ಕಲ್ಲು ಅರೆದ ಸದ್ದು. ಒನೋಫ್ರೆ ಮೊದಲು ಕಿಟಕಿಯಲ್ಲಿ ನಿಂತು ಕೇಳಿದ. ಆಮೇಲೆ ಅಂಗಳಕ್ಕೆ ಬಂದ. ವಾರ ಕಳೆಯುವಷ್ಟರಲ್ಲಿ ಬೇಲಿಯ ಹತ್ತಿರ ನಿಂತು ಕೂಗುತ್ತಿದ್ದ.

"ಈಗ ಎರಡು! ಎರಡಕ್ಕೆ ಹಾಕು! ಅದರ ಗಂಟಲು ಹಿಸುಕ್ತಿದೀಯ ಕಣೇ!"

ಎಲೋಯ್ಸಾ ಒಂದು ಸುತ್ತು ಹಾಕಿ ಬಂದು ಬೇಲಿಯ ಪಕ್ಕ ಟ್ರಕ್ಕು ನಿಲ್ಲಿಸಿದಳು.

"ಅಲ್ಲಿಂದ ಕೂಗಿದ್ರೆ ನನಗೆ ಕೇಳಲ್ಲ," ಎಂದಳು. "ಕೂಗೋದಾದ್ರೆ ಒಳಗೆ ಬಂದು ಕೂಗು."

"ನಾನು ಕೂರಲ್ಲ ಅಂದಿದ್ನಲ್ಲ."

"ಕೂರಬೇಡ. ಕೂಗು, ಅಷ್ಟೇ. ಅವತ್ತಿನ ಹಂಗೆ ಕೂಗಿದ್ರೆ ಈ ಸಲ ನಾನು ಇಳಿಯಲ್ಲ, ನಿನ್ನ ಇಳಿಸ್ತೀನಿ."

ಬೆರ್ನಾ ಬಾಯಿ ಮುಚ್ಚಿಕೊಂಡು ನಕ್ಕು, ಆ ಕಡೆಯ ಬಾಗಿಲು ತೆಗೆದು ಇಳಿದಳು. ಒನೋಫ್ರೆ ತುಸು ಹೊತ್ತು ಬೇಲಿ ಹಿಡಿದು ನಿಂತಿದ್ದ. ಆಮೇಲೆ ತಡವಿಕೊಂಡು ಬಂದು ಹತ್ತಿದ. ಹೆಂಡತಿ ಓಡಿಸುವ ಗಾಡಿಯಲ್ಲಿ ಅವನು ಪಕ್ಕದ ಸೀಟಿನಲ್ಲಿ ಕೂತದ್ದು ಜೀವಮಾನದಲ್ಲೇ ಮೊದಲು. ಕಾಲು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಒಂದು ಸುತ್ತು ಮುಗಿಯುವಷ್ಟರಲ್ಲಿ ಅವನು ಕೂಗುವುದನ್ನು ಬಿಟ್ಟು ಮೆಲ್ಲಗೆ ಹೇಳತೊಡಗಿದ್ದ: "ಕೇಳು, ದನಿ ದಪ್ಪ ಆಯ್ತಲ್ಲ, ಈಗ. ಹಾಂ, ಈಗ. ಭಲೇ."

ಲೈಸೆನ್ಸಿನ ಕಾಗದಪತ್ರವನ್ನೆಲ್ಲ ಬೆರ್ನಾಳೇ ಓಡಾಡಿ ಮಾಡಿಸಿದಳು. ಪೇಟೆಯಲ್ಲಿ ಪರೀಕ್ಷೆ ಮಾಡಲು ಬಂದ ಹುಡುಗಿ ಇಂಥ ಟ್ರಕ್ಕು ಹತ್ತಿದವಳೇ ಅಲ್ಲ. "ಅಜ್ಜಿ, ಇದನ್ನ ಕಾಲಲ್ಲಿ ಸ್ಟಾರ್ಟ್ ಮಾಡ್ತೀರಾ? ಇನ್ನೊಂದ್ಸಲ ಮಾಡಿ ತೋರ್ಸಿ," ಎಂದು ಎರಡೆರಡು ಸಲ ಮಾಡಿಸಿದಳು. ಎಲೋಯ್ಸಾ ಒಂದು ತಿರುವಿನಲ್ಲಿ ಕೈ ತೋರಿಸುವುದನ್ನು ಮರೆತಳು. ಪಾಸಾದಳು.

ಜೂನಿನ ಮೊದಲ ಶನಿವಾರ ಬೆರ್ನಾ ಯಾರನ್ನೂ ಎಲ್ಲಿಗೂ ಕರೆದೊಯ್ಯಬೇಕಿರಲಿಲ್ಲ. ಬಿಸಿಲೇರುವ ತನಕ ಮಲಗಿದ್ದು, ಎದ್ದು ಏನು ಮಾಡಬೇಕೆಂದು ತೋಚದೆ, ಕಾಫಿ ಹಿಡಿದು ಮೆಟ್ಟಿಲ ಮೇಲೆ ಕೂತಳು. ಅಪ್ಪ ಅಮ್ಮ ಆಗಲೇ ಹಿಟ್ಟಿನ ಮೂಟೆ ತರಲು ಪೇಟೆಗೆ ಹೋಗಿದ್ದರು.

ಪೇಟೆಯಿಂದ ಬರುವಾಗ ಎಲೋಯ್ಸಾ ಎಡಕ್ಕೆ ತಿರುಗಿದಳು. ಟಾರು ಮುಗಿದು ಚಕ್ರದಡಿ ಜಲ್ಲಿಕಲ್ಲು ಸದ್ದು ಮಾಡಿತು.

"ಇದು ಮನೆ ದಾರಿ ಅಲ್ಲ," ಎಂದ ಒನೋಫ್ರೆ.

"ಗೊತ್ತು."

"ಇದು ಎಲ್ಲಿಗೆ ಹೋಗುತ್ತೆ?"

"ನೀನೇ ಹೇಳಬೇಕು. ಇಷ್ಟು ವರ್ಷ ಓಡಾಡಿದೋನು ನೀನು."

"ನಾನು ಈ ಕಡೆ ಬಂದೇ ಇಲ್ಲ. ಕೆಲಸ ಏನಿತ್ತು ಬರೋಕೆ?"

"ನಂಗೂ ಏನೂ ಇಲ್ಲ," ಎಂದು ಎಲೋಯ್ಸಾ ಎರಡನೇ ಗೇರಿಗೆ ಹಾಕಿದಳು. ಸದ್ದೇ ಆಗಲಿಲ್ಲ.

ದಾರಿ ಏರಿತು, ಪೈನ್ ಮರಗಳ ನಡುವೆ ಸುತ್ತಿತು, ಒಂದು ಹಳ್ಳ ದಾಟಿತು. "ಏನು ಕಾಣುತ್ತೆ?" ಎಂದು ಒನೋಫ್ರೆ ಆಗಾಗ ಕೇಳಿದ. "ಮರ," ಎಂದಳು ಅವಳು. "ಹಸು. ಇನ್ನೊಂದು ಹಸು, ಅದಕ್ಕೆ ಕೊಂಬಿಲ್ಲ." ಕೊನೆಗೆ ರಸ್ತೆ ಯಾರದೋ ಅಂಗಳಕ್ಕೇ ಹೋಗಿ ನಿಂತಿತು. ಮಣ್ಣಿನ ಮನೆ, ಕುರಿದೊಡ್ಡಿ, ಬೊಗಳುವ ನಾಯಿ. ಒಬ್ಬಳು ಹೆಂಗಸು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಯಾರು ಬೇಕಿತ್ತು?"

"ಯಾರೂ ಬೇಡ," ಎಂದಳು ಎಲೋಯ್ಸಾ. "ಈ ರಸ್ತೆ ಎಲ್ಲಿ ಮುಗಿಯುತ್ತೆ ಅಂತ ನೋಡೋಕೆ ಬಂದ್ವಿ."

ಹೆಂಗಸು ಅವಳನ್ನೂ ಟ್ರಕ್ಕನ್ನೂ ನೋಡಿದಳು. "ಇಲ್ಲೇ ಮುಗಿಯೋದು," ಎಂದಳು. "ಇಳೀರಿ, ಕಾಫಿ ಇದೆ."

ಅವಳ ಗಂಡ ದೊಡ್ಡಿಯಿಂದ ಬಂದವನು ಟ್ರಕ್ಕಿನ ಸುತ್ತ ಒಂದು ಸುತ್ತು ಬಂದ, ಎರಡನೇ ಸುತ್ತೂ ಬಂದ. ನಮ್ಮ ಕಡೆ ಗಂಡಸರು ಇಂಥದ್ದನ್ನು ಗಂಡಸರನ್ನೇ ಕೇಳುವುದು; ಅವನೂ ಒನೋಫ್ರೆಯ ಹತ್ತಿರ ಹೋಗಿ ನಿಂತ.

"ನಮ್ಮದೂ ಒಂದಿದೆ ಇಂಥದ್ದು, ದೊಡ್ಡಿ ಹಿಂದೆ. ಎಂಜಿನ್ನು ಬಿಗಿದು ಕೂತಿದೆ, ಏನ್ ಮಾಡಿದ್ರೂ ಅಲುಗಲ್ಲ. ನೀವು ಹೆಂಗೆ ಬಿಡಿಸಿದ್ರಿ?"

ಒನೋಫ್ರೆ ತಲೆ ಓರೆ ಮಾಡಿ ಎಲೋಯ್ಸಾ ಇದ್ದ ಕಡೆಗೆ ಗದ್ದ ತೋರಿಸಿದ.

"ಅವಳನ್ನ ಕೇಳು," ಎಂದ.

ಎಲೋಯ್ಸಾ ಆಗಲೇ ದೊಡ್ಡಿಯ ಹಿಂದಕ್ಕೆ ನಡೆದಿದ್ದಳು.